ಅಳುವ ತೋಟದ ಸರದಿ

ಕಾಫಿ ಗಿಡ ಅಳುತ್ತದೆ ಎಂದಾಗ ಉರೋನಿಯ ಜನ ಬಿದ್ದು ಬಿದ್ದು ನಕ್ಕಿದ್ದರು. ಆಡು ಅತ್ತದ್ದು ಕಂಡಿದ್ದೇವೆ, ಅತ್ತೆ ಮನೆಗೆ ಹೊರಟ ಹೆಣ್ಣು ಅತ್ತದ್ದು ಕಂಡಿದ್ದೇವೆ, ಇದೊಂದು ಬಾಕಿಯಿತ್ತು ಎಂದು ಮುದುಕರೊಬ್ಬರು ಛೇಡಿಸಿದ್ದರು. ಹಾಗೆ ನಕ್ಕವರೇ ಒಂದೆರಡು ವರ್ಷದಲ್ಲಿ ಬೆಳಗೆದ್ದು 'ತೋಟ ಇವತ್ತು ಚೆನ್ನಾಗಿ ಅಳ್ತಿದೆಯಾ' ಎಂದು ಕೇಳುವಂತಾದರು. ಮನುಷ್ಯ ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ ಹೇಳಿ.

ಉರೋನಿ ಕಿಲಿಮಂಜಾರೋ ಬೆಟ್ಟದ ತೆಂಕಣ ಮಗ್ಗುಲಿನ ಊರು. ಈ ಕಥೆ ನಡೆಯುವ ಹೊತ್ತಿಗೆ ಬೆಟ್ಟದ ನೆತ್ತಿಯ ಮಂಜು ಕರಗಿ, ಅದನ್ನು ಕಣ್ಣಾರೆ ಕಂಡವರೂ ಊರಲ್ಲಿ ಕಡಿಮೆಯಾಗಿದ್ದರು. ಮಳೆ ತನ್ನ ಲೆಕ್ಕ ಮರೆತಿತ್ತು. ಬರಬಾರದಾಗ ಬಂದು ಹಿಡಿದು ಕೂರುತ್ತಿತ್ತು, ಅದರ ಬೆನ್ನಿಗೆ ಕಾಯಿಕೊಳೆ ರೋಗ. ಎಳೆಗಾಯಿಯ ಮೇಲೆ ಕಪ್ಪು ಚುಕ್ಕೆಯಾಗಿ ಕೂತ ಬೂಷ್ಟು ವಾರದೊಳಗೆ ಗೊಂಚಲನ್ನೇ ತಿಂದು ಹಾಕುತ್ತಿತ್ತು. ಮೈಲುತುತ್ತದ ದ್ರಾವಣ ಹೊಡೆದು ಹೊಡೆದು ಎಲೆಗಳು ನೀಲಿಯಾದವೇ ಹೊರತು ಬೂಷ್ಟು ಜಗ್ಗಲಿಲ್ಲ. ಬಾಳೆಯ ನೆರಳಲ್ಲಿ ನೂರಿನ್ನೂರು ಕಾಫಿ ಗಿಡ ಇಟ್ಟುಕೊಂಡು ಬದುಕುವ ಮನೆಗಳು ಅವು. ಒಂದೊಂದಾಗಿ ಕಾಫಿ ಕಿತ್ತು ಬರೀ ಬಾಳೆ ಹಾಕುವ ಮಾತಾಡತೊಡಗಿದ್ದವು.

ಆಗ ಬಂದವಳು ಐಕಾ. ಅದೇ ಊರಿನ ಮಗಳು, ಸಸ್ಯಶಾಸ್ತ್ರ ಓದಿ ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಗಿಡ ಅಳುವುದು ವಾಸನೆಯಲ್ಲಿ ಎಂದು ಅವಳು ಬಿಡಿಸಿ ಹೇಳಿದಳು. ರೋಗ ತಗುಲಿದ ಗಿಡ ಎಲೆಯ ಸಣ್ಣ ತೂತುಗಳಿಂದ ಒಂದು ಬಗೆಯ ಆವಿ ಬಿಡುತ್ತದೆ. ಅದು ನಮ್ಮ ಮೂಗಿಗೆ ಹತ್ತದು, ಪಕ್ಕದ ಗಿಡಕ್ಕೆ ಹತ್ತುತ್ತದೆ. ಹತ್ತಿದ್ದೇ ತಡ, ಆ ಗಿಡ ತನ್ನ ಕಾಯಿಯ ಸಿಪ್ಪೆ ದಪ್ಪ ಮಾಡಿಕೊಂಡು, ರಸ ಕಹಿ ಮಾಡಿಕೊಂಡು, ಬಾಗಿಲು ಹಾಕಿ ಕೂರುತ್ತದೆ. ಆಮೇಲೆ ಬಂದ ಬೂಷ್ಟಿಗೆ ಒಳಗೆ ಜಾಗವಿಲ್ಲ. ತೊಂದರೆಯೆಂದರೆ ಈ ಅಳು ಒಂದೆರಡು ಮಾರು ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗಿಬಿಡುತ್ತದೆ. ಅದನ್ನು ಹಿಡಿದು ಇಡೀ ಬೆಟ್ಟಕ್ಕೆ ಕೇಳಿಸಿದರೆ ಹೇಗೆ?

ಕೇಂದ್ರದವರು ಅದಕ್ಕೊಂದು ಯಂತ್ರ ಮಾಡಿದ್ದರು. ಅಳುವ ಗಿಡದ ಕೊಂಬೆಗೆ ಕಟ್ಟುವ ಸಣ್ಣ ಡಬ್ಬಿಗೆ ಊರವರು 'ಮೂಗು' ಎಂದರು. ತೋಟತೋಟಕ್ಕೂ ನೆಟ್ಟ ಕಂಬಕ್ಕೆ 'ಬಾಯಿ' ಎಂದರು. ಮೂಗು ಹಿಡಿದ ವಾಸನೆಯ ವಿವರ ತಂತಿಯಿಲ್ಲದೆ ಮೋಶಿಗೆ ಹೋಗುತ್ತದೆ. ಅಲ್ಲಿಂದ ಅಪ್ಪಣೆ ಬಂದ ಹಾಗೆ ಬಾಯಿ ತನ್ನೊಳಗಿನ ಸೀಸೆಗಳ ಸಾರ ಬೆರೆಸಿ ಅದೇ ವಾಸನೆಯನ್ನು ತೋಟದ ತುಂಬ ಊದುತ್ತದೆ. ಮೂಗಿನ ಮೇಲೊಂದು ಪುಟ್ಟ ಹಸಿರು ದೀಪ. ಅಳು ಕೇಳಿದಾಗ ಹತ್ತುತ್ತದೆ, ಕೇಳದಿದ್ದರೆ ಆರುತ್ತದೆ.

ಆದರೆ ಬೂಷ್ಟು ವಾರಕ್ಕೊಂದು ವೇಷ ಹಾಕುತ್ತಿತ್ತು. ಹೋದ ವಾರದ ಅಳುವನ್ನು ಈ ವಾರ ಊದಿದರೆ ಗಿಡಗಳು ಕಿವಿಗೊಡುತ್ತಿರಲಿಲ್ಲ. ತಾಜಾ ಅಳುವೇ ಬೇಕು. ಎಂದರೆ ಎಲ್ಲೋ ಒಂದು ತೋಟ ರೋಗದಲ್ಲಿ ನರಳುತ್ತಲೇ ಇರಬೇಕು. ಅದಕ್ಕೆ ಮದ್ದು ಹೊಡೆಯುವ ಹಾಗಿಲ್ಲ, ಕೊಳೆತ ರೆಂಬೆ ಕತ್ತರಿಸುವ ಹಾಗಿಲ್ಲ. ಮಿಕ್ಕ ತೋಟಗಳೆಲ್ಲ ಅದರ ನರಳಿಕೆಯಲ್ಲಿ ಬದುಕಬೇಕು.

ಊರವರೆಲ್ಲ ಸಭೆ ಸೇರಿದ ದಿನ ಐಕಾ ಇದನ್ನು ಮುಚ್ಚಿಡದೆ ಹೇಳಿದಳು. ವರ್ಷಕ್ಕೊಂದು ತೋಟ ಅಳಲಿ, ಆಮೇಲೆ ಅದಕ್ಕೆ ಆರೈಕೆ ಮಾಡಿ ಮುಂದಿನ ಮನೆಗೆ ಸರದಿ ದಾಟಿಸೋಣ, ನಿಮ್ಮ ಕಾಲುವೆ ನೀರು ಸರದಿಯಲ್ಲಿ ಹರಿಯುವುದಿಲ್ಲವೆ, ಹಾಗೆ ಎಂದಳು. ಅವಳ ಜಾಣತನವೆಲ್ಲ ಆ ಮಾತಿನಲ್ಲಿತ್ತು. ಬೆಟ್ಟದ ತೊರೆಯಿಂದ ಅಜ್ಜಂದಿರು ತೋಡಿದ ಕಾಲುವೆಯೇ ಆ ಊರಿನ ಜೀವ. ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡವನ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಸರದಿ ಎಂಬ ಮಾತು ಕೇಳಿದ್ದೇ ಜನರ ಮುಖ ಸಡಿಲವಾಯಿತು. ಆದರೂ ಮೊದಲ ಸರದಿ ಯಾರದು ಎಂದಾಗ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು.

ಆಗ ಎದ್ದು ನಿಂತವರು ಎಲಿಫಾಸಿ. ಕಾಲುವೆಯ ಯಜಮಾನರು ಅವರು, ನಮ್ಮ ಕಡೆಯ ನೀರುಗಂಟಿಯ ಹಾಗೆ, ಆದರೆ ಅದಕ್ಕಿಂತ ಹತ್ತು ಪಾಲು ಮರ್ಯಾದೆ ಹೆಚ್ಚು. ಯಜಮಾನನಾದವನು ಗುದ್ದಲಿಗೆ ಮೊದಲು, ನೀರಿಗೆ ಕೊನೆ ಎಂಬುದು ಆ ಕಾಲುವೆಯ ಕಟ್ಟಳೆ. ಹೂಳೆತ್ತಲು ಮೊದಲು ಇಳಿಯಬೇಕು, ಎಲ್ಲರ ತೋಟ ನೆನೆದ ಮೇಲೆ ತನ್ನದಕ್ಕೆ ಬಿಟ್ಟುಕೊಳ್ಳಬೇಕು. ಕಷ್ಟದ ಸರದಿ ಎಂದ ಮೇಲೆ ಅದು ತನ್ನಿಂದಲೇ ಶುರುವಾಗಬೇಕು ಎಂದು ಅವರು ಬೇರೆ ಯೋಚನೆಯೇ ಇಲ್ಲದೆ ಎದ್ದರು. ಕಾಲುವೆಯ ಕಟ್ಟಳೆ ಗೊತ್ತಿಲ್ಲದ ಊರಿನವರಾಗಿದ್ದರೆ ಚೀಟಿ ಎತ್ತುತ್ತಿದ್ದರು.

ಎಲಿಫಾಸಿ ಐಕಾಳ ತಂದೆಯ ತಮ್ಮ. ತಂದೆ ಬೇಗ ಹೋದರು, ಅವಳನ್ನು ಎತ್ತಿ ಆಡಿಸಿ, ಓದಿಸಿ, ಮೋಶಿಗೆ ಕಳಿಸಿದವರು ಇವರೇ. ಚಿಕ್ಕಂದಿನಲ್ಲಿ ಅವಳು ಕೆಂಪು ಕಾಫಿ ಹಣ್ಣು ಕದ್ದು ಸಿಹಿ ಲೋಳೆ ಚೀಪಿ ಬೀಜ ಉಗುಳುತ್ತಿದ್ದುದು ಇವರ ತೋಟದಲ್ಲೇ. ಆ ಗಿಡಗಳನ್ನು ನೆಟ್ಟವರು ಎಲಿಫಾಸಿಯ ಅಜ್ಜ. ಅವರ ಸಮಾಧಿಯೂ ಅಲ್ಲೇ, ಗಿಡಗಳ ನಡುವೆ.

"ಒಂದು ವರ್ಷ ತಾನೇ?" ಎಂದು ಅವರು ಕೇಳಿದರು.

"ಒಂದೇ ವರ್ಷ ಚಿಕ್ಕಪ್ಪ. ಆಮೇಲೆ ನಾನೇ ನಿಂತು ಆರೈಕೆ ಮಾಡ್ತೀನಿ. ಒಂದು ಗಿಡಾನೂ ಸಾಯೋಕೆ ಬಿಡಲ್ಲ."

ಹಾಗೆ ಎಲ್ಲರ ಎದುರು ಮಾತು ಕೊಟ್ಟಳು. ಸುಳ್ಳು ಹೇಳುವ ಉದ್ದೇಶ ಅವಳಿಗೆ ಕಿಂಚಿತ್ತೂ ಇರಲಿಲ್ಲ.

ಮೋಶಿಯ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಇಡೀ ಬೆಟ್ಟದ ನಕ್ಷೆ. ಎಲ್ಲ ತೋಟಗಳೂ ಹಸಿರು ಚುಕ್ಕೆ, ಎಲಿಫಾಸಿಯದೊಂದು ಕೆಂಪು. ಕೆಳಗೆ ಅಳುವಿನ ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು. ಆ ವರ್ಷ ಮಳೆ ಹಿಡಿದು ಕೂತಿತು, ಬೂಷ್ಟು ಬಂತು, ಬೆಟ್ಟದ ಗಿಡಗಳೆಲ್ಲ ಮೊದಲೇ ಬಾಗಿಲು ಹಾಕಿ ಕೂತಿದ್ದವು. ಕೊಯ್ಲಿನಲ್ಲಿ ಗಿಡಗಿಡವೂ ಕೆಂಪಾಗಿ ಬಗ್ಗಿತು. ಮರೆತೇಹೋಗಿದ್ದ ಸುಗ್ಗಿ ಅದು. ಬಾಳೆಹಣ್ಣಿನ ರಸಕ್ಕೆ ಮೊಳಕೆ ರಾಗಿ ಹಾಕಿ ಹುದುಗಿಸಿದ 'ಎಂಬೆಗೆ' ಎಂಬ ಹೆಂಡ ಮನೆಮನೆಯಲ್ಲೂ ಹರಿಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಆ ಹಾಗೆ. ಎಲಿಫಾಸಿಯ ತೋಟದಲ್ಲಿ ಮಾತ್ರ ಕರಿದಾದ ಕಾಯಿಗಳು ಗಿಡದಲ್ಲೇ ಒಣಗಿ ನೇತಾಡಿದವು. ಊರವರು ತಮ್ಮ ತಮ್ಮ ಕಾಫಿಯಲ್ಲಿ ಅವರ ಪಾಲು ಎತ್ತಿಟ್ಟು ತಂದುಕೊಟ್ಟರು. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಅವರು ಆ ಮೂಟೆಗಳನ್ನು ಜಗಲಿಯ ಮೂಲೆಗೆ ಸರಿಸಿ, ಬೆಳಗಾದರೆ ತೋಟಕ್ಕೆ ಹೋಗಿ, ಕೈಗೆ ಕೆಲಸವಿಲ್ಲದೆ ಗಿಡಗಳ ನಡುವೆ ನಿಂತು ಬರುತ್ತಿದ್ದರು.

ಸರದಿ ದಾಟಿಸುವ ಕಾಲ ಬಂತು. ಐಕಾ ಪಕ್ಕದ ಮಸಾವೆಯವರ ತೋಟಕ್ಕೆ ಮೂಗುಗಳನ್ನು ಸಾಗಿಸಲು ಎಲ್ಲ ಸಿದ್ಧ ಮಾಡಿಕೊಂಡಿದ್ದಾಗ ಕೇಂದ್ರದ ನಿರ್ದೇಶಕ ಡಾಕ್ಟರ್ ಶಿರಿಮಾ ಅವಳನ್ನು ಕರೆಸಿದರು. ಕೆಟ್ಟ ಮನುಷ್ಯನಲ್ಲ ಆತ. ಲೆಕ್ಕ ಮುಂದಿಟ್ಟರು. ಹೊಸ ತೋಟ ಪೂರ್ತಿ ರೋಗಕ್ಕೆ ಬೀಳಲು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಬೆಟ್ಟ ಕಿವುಡು, ಮಳೆ ನೋಡಿದರೆ ಆಗಲೇ ಮೋಡ ಕಟ್ಟುತ್ತಿದೆ. ಮೇಲಾಗಿ ಮಸಾವೆಯವರದು ಹೊಸ ತಳಿ, ಅತ್ತರೂ ಗೊಣಗಿದ ಹಾಗೆ. ಎಲಿಫಾಸಿಯ ಗಿಡಗಳು ಹಳೆಯವು, ಗಟ್ಟಿಯಾಗಿ ಅಳುತ್ತವೆ. ಇನ್ನೊಂದೇ ವರ್ಷ ಅವರನ್ನು ಒಪ್ಪಿಸು ಎಂದರು.

ಐಕಾ ಇಲ್ಲವೆನ್ನಬಹುದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದೇ ಅವಳ ಬಾಯಿ ಕಟ್ಟಿತು. ಇಡೀ ಬೆಟ್ಟದ ಬೆಳೆ ಒಂದು ಕಡೆ, ಒಬ್ಬ ಮುದುಕನ ಗಿಡಗಳು ಒಂದು ಕಡೆ. ಆದರೆ ಚಿಕ್ಕಪ್ಪ ಒಪ್ಪದಿದ್ದರೆ? ಒಪ್ಪದಿರಲು ಅವರಿಗೆ ಎಲ್ಲ ಹಕ್ಕೂ ಇತ್ತು. ಊರಿನ ಏರುದಾರಿಯಲ್ಲಿ ನಡೆಯುತ್ತ ಇದನ್ನೇ ಯೋಚಿಸಿದವಳು ಬೇಲಿಯಲ್ಲಿದ್ದ ಸಾಲೆ ಗಿಡದಿಂದ ಒಂದು ಎಲೆ ಮುರಿದುಕೊಂಡಳು.

ಸಾಲೆ ಎಂದರೆ ಉದ್ದ ಗರಿಯ ಒಂದು ಗಿಡ, ಆ ಬೆಟ್ಟದ ಜನ ಸಮಾಧಿಗೂ ಗಡಿಗೂ ನೆಡುವುದು ಅದನ್ನೇ. ತಪ್ಪು ಮಾಡಿದವನು ಅದರ ಎಲೆ ಹಿಡಿದು ಬಂದರೆ ಎಂಥ ಹಗೆಯಾದರೂ ಬಿಡಲೇಬೇಕು. ಎಲೆ ತಂದವರಿಗೆ ಇಲ್ಲವೆನ್ನುವ ಹಾಗಿಲ್ಲ. ಮಗನನ್ನು ಕೊಂದವನಿಗೂ ಈ ಎಲೆಯ ಮುಂದೆ ಕ್ಷಮೆ ಸಿಕ್ಕಿದ್ದನ್ನು ಹಿರಿಯರು ಹೇಳುತ್ತಿದ್ದರು. ಐಕಾಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮುರಿದಳು.

ಎಲಿಫಾಸಿ ಕೊಟ್ಟಿಗೆಯ ಹಸುವಿಗೆ ಬಾಳೆದಿಂಡು ಕೊಚ್ಚುತ್ತಿದ್ದರು. ಅವಳ ಕೈಯ ಎಲೆ ಕಂಡದ್ದೇ ಕೈ ನಿಂತಿತು. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಕಿವುಡು ಬೆಟ್ಟ, ಹಳೆ ತಳಿ, ಮೋಡ. ಅವರು ಎಲ್ಲ ಕೇಳಿಸಿಕೊಂಡರು. ಕೊನೆಗೆ ಕೈ ಒರೆಸಿಕೊಂಡು ಎಲೆ ತೆಗೆದುಕೊಂಡರು, ಬಾಗಿಲ ಮೇಲಿನ ಸಂದಿಗೆ ಸಿಕ್ಕಿಸಿದರು, ಆಯ್ತು ಎಂದರು.

ಅವರ ಹೆಂಡತಿ ತಬಿತಾ ಒಲೆಯ ಮುಂದೆ ಬಾಳೆಕಾಯಿ ಹೆರೆಯುತ್ತಿದ್ದವರು ತಲೆ ಎತ್ತಿದರು. ಬಾಳೆ ಹೆಂಗಸರದ್ದು, ಕಾಫಿ ಗಂಡಸರದ್ದು ಎಂಬುದು ಅಲ್ಲಿಯ ಪದ್ಧತಿ. ಕಾಫಿಯ ವಿಷಯಕ್ಕೆ ಅವರು ಬಾಯಿ ಹಾಕಿದ್ದನ್ನು ಐಕಾ ಅದುವರೆಗೆ ಕಂಡೇ ಇರಲಿಲ್ಲ.

"ಈ ಎಲೆ ತಪ್ಪು ಮಾಡಿದ ಮೇಲೆ ತರೋದು ಐಕಾ," ಎಂದರು ತಬಿತಾ. "ತಪ್ಪು ಮಾಡೋದಕ್ಕೆ ಮುಂಚೆ ತಂದವಳನ್ನ ಇವತ್ತೇ ನೋಡಿದ್ದು."

ಐಕಾ ಊಟಕ್ಕೆ ನಿಲ್ಲದೆ ಇಳಿದು ಬಂದಳು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು, ನಿಜ. ಆದರೆ ಮುಳ್ಳು ಕೂತಿದೆ ಎಂದು ಯಾರು ತಾನೇ ನಡೆಯುವುದು ಬಿಡುತ್ತಾರೆ?

ಎರಡನೆಯ ವರ್ಷವೂ ಬೆಟ್ಟ ಬೆಳೆಯಿತು. ಮೂರನೆಯ ವರ್ಷ ಐಕಾ ಎಲೆಯನ್ನೂ ಒಯ್ಯಲಿಲ್ಲ, ಕೇಳಲೂ ಇಲ್ಲ. ಮೂಗುಗಳು ಇದ್ದಲ್ಲೇ ಉಳಿದವು, ಅಷ್ಟೆ. ಊರವರೂ ಕೇಳಲಿಲ್ಲ. ಯಜಮಾನ ತಾನಾಗಿ ದಾಟಿಸದ ಹೊರತು ಸರದಿ ಬೇಡುವುದು ಕಾಲುವೆಯ ಕಟ್ಟಳೆಯಲ್ಲಿ ಉದ್ಧಟತನ. ಎಲೆ ತೆಗೆದುಕೊಂಡ ಯಜಮಾನ, ಅದನ್ನು ತಂದವಳು ಬಿಡಿಸುವ ತನಕ, ತಾನಾಗಿ ದಾಟಿಸುವ ಹಾಗಿಲ್ಲ. ಎಂಥ ಅನುಕೂಲ ನೋಡಿ! ಎಲ್ಲರೂ ಒಳ್ಳೆಯವರೇ, ಎಲ್ಲರೂ ಪದ್ಧತಿಗೆ ತಲೆಬಾಗಿದವರೇ. ಮಸಾವೆ ಮಾತ್ರ ಎಲಿಫಾಸಿಯನ್ನು ಎದುರಿಸಲಾರದೆ ತೋಟಕ್ಕೆ ಬಳಸು ದಾರಿ ಹಿಡಿದಿದ್ದರು.

ಆ ವರ್ಷದ ದೊಡ್ಡ ಮಳೆಯಲ್ಲಿ, ಕಾಯಿ ಇನ್ನೂ ಎಳಸಾಗಿರುವಾಗಲೇ, ಪರದೆಯ ಮೇಲಿನ ಗೆರೆ ಇಳಿಯತೊಡಗಿತು. ಯಂತ್ರ ಕೆಟ್ಟಿರಬೇಕೆಂದು ಕೋಣೆಯವರು ತಡಕಾಡಿದರು. ಯಂತ್ರ ಸರಿಯಾಗಿಯೇ ಇತ್ತು. ಸತ್ತ ಗಿಡ ಅಳುವುದಿಲ್ಲ, ಸಾಯುವ ಗಿಡಕ್ಕೆ ಅಳಲು ಉಸಿರಿರುವುದಿಲ್ಲ. ಐಕಾಳಿಗೆ ಗೆರೆ ನೋಡಿದ ಕೂಡಲೇ ತಿಳಿಯಿತು. ಶಿರಿಮಾರಿಗೂ ತಿಳಿದಿತ್ತು. ಇನ್ನೊಂದು ತಿಂಗಳು, ಕಾಯಿ ಗಟ್ಟಿಯಾಗುವ ತನಕ ಹೇಗಾದರೂ ಎಳೆದರೆ ಸಾಕು, ಆಮೇಲೆ ಖಂಡಿತ ಸರದಿ ದಾಟಿಸೋಣ ಎಂದರು ಅವರು.

ಅವಳು ಆಗಲೇ ಬಸ್ಸು ಹತ್ತಬೇಕಿತ್ತು. ಮೈಲುತುತ್ತವನ್ನೋ ಗೊಬ್ಬರವನ್ನೋ ಹೊತ್ತುಕೊಂಡು ಹೋಗಿ, ಉಳಿದ ಗಿಡಗಳ ಕೊಳೆತ ರೆಂಬೆ ಕತ್ತರಿಸಿ, ಅರ್ಧವಾದರೂ ಉಳಿಸಿಕೊಳ್ಳಬಹುದಿತ್ತು. ಹೋಗಲಿಲ್ಲ. ಚಿಕ್ಕಪ್ಪನ ಮುಖ ನೋಡಲು ಹೆದರಿದಳು. ಆ ದಿನಗಳಲ್ಲಿ ಹೋಗಿದ್ದರೆ ಎಂದು ಆಮೇಲೆ ಅವಳು ಎಷ್ಟು ಕೊರಗಿದಳೋ, ಆ ಕೊರಗು ಯಾರ ಉಪಯೋಗಕ್ಕೂ ಬರಲಿಲ್ಲ.

ಒಂದು ಬೆಳಿಗ್ಗೆ ಗೆರೆ ಚಂಗನೆ ಮೇಲೆದ್ದಿತು. ಕೋಣೆಯಲ್ಲಿ ಸಂತೋಷವೋ ಸಂತೋಷ. ಹಳೆ ತಳಿ ಎಂದರೆ ಹಳೆ ತಳಿಯಪ್ಪ ಎಂದು ಯಾರೋ ಎಲ್ಲರಿಗೂ ಚಹಾ ತರಿಸಿದರು. ಐಕಾ ಚಹಾ ಮುಟ್ಟದೆ ವಾಸನೆಯ ವಿವರ ಬಿಡಿಸಿ ನೋಡಿದಳು. ಕೊಳೆಯ ಅಳು ಇತ್ತು, ಅದರ ಜೊತೆ ಇನ್ನೊಂದು ಬೆರೆತಿತ್ತು: ಹಸಿ ಎಲೆ ತರಿದ ವಾಸನೆ, ತೊಗಟೆ ಸೀಳಿದ ರಸದ ವಾಸನೆ. ಆಡು ನುಗ್ಗಿರಬಹುದು ಎಂದುಕೊಂಡಳು. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಗೆರೆ ಮತ್ತೆ ಎದ್ದಿತು. ಅದರ ಮರುದಿನವೂ ಎದ್ದಿತು. ದಿನವೂ ಹೊತ್ತು ನೋಡಿಕೊಂಡು ನುಗ್ಗುವ ಆಡು ಲೋಕದಲ್ಲಿಲ್ಲ. ಅವಳು ಯಾರಿಗೂ ಹೇಳದೆ ಎದ್ದು ಬಸ್ಸಿಗೆ ಹೋದಳು.

ತಬಿತಾ ಅಂಗಳದಲ್ಲಿ ಬೀನ್ಸು ಬಿಡಿಸುತ್ತ ಕೂತಿದ್ದರು. ಬಾ ಎನ್ನಲಿಲ್ಲ, ಗದ್ದವನ್ನು ತೋಟದ ಕಡೆಗೆ ತಿರುಗಿಸಿದರು. ಬಾಳೆಗಳ ನಡುವೆ ದಾರಿ ಬಿಡಿಸಿಕೊಂಡು ಹೋದ ಐಕಾ ಅಲ್ಲೇ ನಿಂತುಬಿಟ್ಟಳು. ತೋಟ ಅರ್ಧ ಬಯಲಾಗಿತ್ತು. ರೆಂಬೆ ಕೊಚ್ಚಿಸಿಕೊಂಡು, ಕಾಂಡದ ತೊಗಟೆ ಬುಡದವರೆಗೆ ಸೀಳಿಸಿಕೊಂಡು, ಗಿಡಗಳು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಎಲಿಫಾಸಿ ಒಂದು ಗಿಡವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯ ಮಚ್ಚಿನಿಂದ ಮೆಲ್ಲಗೆ, ಒಂದೊಂದೇ ಏಟು ಹಾಕುತ್ತಿದ್ದರು. ಕೊಂಬೆಯ ಮೇಲಿನ ಮೂಗಿನಲ್ಲಿ ಹಸಿರು ದೀಪ ಹತ್ತಿ ಉರಿಯುತ್ತಿತ್ತು.

"ಚಿಕ್ಕಪ್ಪ, ಏನು ಮಾಡ್ತಿದೀರಾ? ನಿಲ್ಲಿಸಿ."

ಅವರು ತಿರುಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. ದೀಪಗಳು ಒಂದೊಂದಾಗಿ ಆರುತ್ತ ಬಂದವು ಎಂದು ಅವರು ಹೇಳಿದರು. ಮಳೆಗಾಳಿಗೆ ಒಂದು ದಿನ ಬಾಳೆಯ ಮರ ಗೊನೆ ಸಮೇತ ಕಾಫಿ ಗಿಡದ ಮೇಲೆ ಬಿತ್ತಂತೆ. ರೆಂಬೆ ಮುರಿದದ್ದೇ ಆರಿದ ದೀಪ ಹೊತ್ತಿಕೊಂಡಿತಂತೆ. ಸುಮ್ಮನಾದ ಗಿಡಕ್ಕೂ ಹೊಡೆದರೆ ಇನ್ನೊಂದಿಷ್ಟು ಅಳು ಬರುತ್ತದೆ ಎಂದು ಗೊತ್ತಾದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕೆಲವನ್ನು ಹೊಡೆಯುತ್ತ ಬಂದಿದ್ದಾರೆ. ಗಟ್ಟಿ ಗಿಡವಾದರೆ ಬುಡದಿಂದ ಚಿಗುರೊಡೆದೀತು. ಮೂರು ವರ್ಷ ರೋಗ ತಿಂದ ಬೇರಿಗೆ ಆ ಕಸುವೆಲ್ಲಿ? ಹೊಡೆದ ಗಿಡ ಮೂರ್ನಾಲ್ಕು ದಿನ ಅತ್ತು ಆಮೇಲೆ ಪೂರ್ತಿ ಸುಮ್ಮನಾಗುತ್ತದೆ.

"ನನಗೆ ಯಾಕೆ ಹೇಳಿ ಕಳಿಸಲಿಲ್ಲ?" ಎಂದಳು ಐಕಾ.

"ಹೇಳಿದ್ರೆ ಏನ್ಮಾಡ್ತಿದ್ದೆ? ಇನ್ನೊಂದು ಎಲೆ ತರ್ತಿದ್ದೆ."

ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವಳು ಮಣ್ಣಿನಲ್ಲೇ ಕುಸಿದು ಅತ್ತಳು. ತಪ್ಪು ನನ್ನದು, ಮೊದಲ ವರ್ಷವೇ ದಾಟಿಸಬೇಕಿತ್ತು, ಕೇಳಲು ಬರುವ ಮುಖವಿಲ್ಲದೆ ಎಲೆಯ ಹಿಂದೆ ಅವಿತುಕೊಂಡೆ ಎಂದೆಲ್ಲ ಬಡಬಡಿಸಿದಳು. ಎಲಿಫಾಸಿ ಅವಳ ತಲೆಯ ಮೇಲೆ ಕೈಯಿಟ್ಟರು, ಇಲ್ಲ ಎಂದು ಮಾತ್ರ ಹೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು ಫೋನು ತೆಗೆದಳು. ಈಗಲೇ ಯಂತ್ರ ನಿಲ್ಲಿಸಲು ಹೇಳುತ್ತೇನೆ, ಆ ಕಡೆಯ ಸಾಲಿನಲ್ಲಿ ಇನ್ನೂ ಜೀವವಿದೆ, ಅದನ್ನಾದರೂ ಉಳಿಸಿಕೊಳ್ಳೋಣ ಎಂದಳು.

ಎಲಿಫಾಸಿ ಬಗ್ಗಿ ಫೋನಿನ ಮೇಲೆ ಅಂಗೈ ಮುಚ್ಚಿದರು.

"ಊರಿನ ಕಾಯಿ ಇನ್ನೂ ಎಳೇದು. ಇವತ್ತು ನಿಲ್ಲಿಸಿದ್ರೆ ಬೆಟ್ಟಕ್ಕೆಲ್ಲ ಕೊಳೆ ಬೀಳತ್ತೆ. ಹೌದೋ ಅಲ್ವೋ?"

ಹೌದು ಎಂದಳು ಐಕಾ. ಅದು ಅವಳದೇ ಲೆಕ್ಕ.

"ಹಾಗಾದ್ರೆ ಇಷ್ಟು ಗಿಡ ನಾನು ಕೊಂದದ್ದು ಯಾತಕ್ಕೆ? ನನ್ನ ಅಜ್ಜ ಇಲ್ಲೇ ಮಲಗಿದ್ದಾನೆ. ಕೇಳಿದ್ರೆ ಏನು ಹೇಳ್ಲಿ? ಅರ್ಧಕ್ಕೆ ಬಿಟ್ಟೆ, ಸುಮ್ಸುಮ್ನೆ ಸತ್ತವು ಅನ್ಲಾ?"

ಮೊದಲ ವರ್ಷ ನಿಲ್ಲಿಸಿದ್ದರೆ ಒಳ್ಳೆಯದಾಗುತ್ತಿತ್ತು, ಎರಡನೆಯ ವರ್ಷವಾದರೂ ಆಗುತ್ತಿತ್ತು. ಇವತ್ತು ನಿಲ್ಲಿಸಿದರೆ ಗಿಡಗಳು ಸುಮ್ಮನೆ ಸಾಯಲಿಲ್ಲ ಎಂಬ, ಚಿಕ್ಕಪ್ಪನ ಕೈಯಲ್ಲಿ ಉಳಿದಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡಂತೆ. ಒಳ್ಳೆಯ ಕೆಲಸ ಮಾಡುವ ಕಾಲ ಅವಳ ಪಾಲಿಗೆ ದಾಟಿಹೋಗಿತ್ತು. ಅವಳು ಫೋನನ್ನು ಜೇಬಿಗಿಳಿಸಿದಳು.

"ನನ್ನ ರಟ್ಟೆ ಸೋತಿದೆ ಮಗಳೇ," ಎಂದು ಎಲಿಫಾಸಿ ಮಚ್ಚಿನ ಹಿಡಿಯನ್ನು ಅವಳ ಕಡೆಗೆ ತಿರುಗಿಸಿದರು. "ತೊಗಟೆ ಮಾತ್ರ ಸೀಳು. ಒಂದೇ ಏಟಿಗೆ ಕಡಿದ್ರೆ ಬೇಗ ಸುಮ್ನಾಗತ್ತೆ."

ಐಕಾ ಮಚ್ಚು ಹಿಡಿದಳು. ವರ್ಷಗಟ್ಟಲೆ ಮೋಶಿಯ ಕುರ್ಚಿಯಲ್ಲಿ ಕೂತು ಮಾಡಿದ್ದನ್ನು ಕೈಯಾರೆ ಮಾಡುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ತಿಳಿಯಿತು. ಮೊದಲ ಏಟು ಜಾರಿತು. ಎರಡನೆಯದಕ್ಕೆ ತೊಗಟೆ ಬಿಟ್ಟು ಬಿಳಿಯ ಮೈ ಕಂಡಿತು, ರಸ ಒಸರಿತು, ಕೊಂಬೆಯ ಮೇಲೆ ದೀಪ ಹೊತ್ತಿಕೊಂಡಿತು. ಅವಳ ಮೂಗಿಗೆ ಹಸಿ ಸೊಪ್ಪಿನ ವಾಸನೆ ಬಿಟ್ಟರೆ ಇನ್ನೇನೂ ಹತ್ತಲಿಲ್ಲ. ಆ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಫೋನು ಸದ್ದು ಮಾಡಿತು. ಶಿರಿಮಾರ ಸಂದೇಶ: ಈ ತೋಟ ಇಷ್ಟು ಚೆನ್ನಾಗಿ ಯಾವತ್ತೂ ಅತ್ತಿರಲಿಲ್ಲ, ಎಲ್ಲಿದ್ದೀಯಾ, ಬಂದು ನೋಡು.

ಏನಂತೆ ಎಂದು ಎಲಿಫಾಸಿ ಕೇಳಿದರು.

"ಎಲ್ಲರ ತೋಟಕ್ಕೂ ಕೇಳಿಸ್ತಿದೆಯಂತೆ ಚಿಕ್ಕಪ್ಪ."

ಅವರು ತಲೆಯಾಡಿಸಿದರು. ಬಾಳೆಯ ಬುಡಕ್ಕೆ ಬೆನ್ನು ಕೊಟ್ಟು ಕೂತು, ಮುಂದಿನ ಗಿಡ ಯಾವುದೆಂದು ಬೆರಳು ಮಾಡಿ ತೋರಿಸಿದರು. ಐಕಾ ಅದರ ಹತ್ತಿರ ಹೋದಳು.